ಗಡಿ ದಾಟುವ ಮೊದಲು ಸಾಲ ತೀರಲಿ

ಕಳೆದ ತಿಂಗಳು ಇಶಾ ನಮಾಝಿನ ಬಳಿಕ ನಾಲ್ವರು ಯುವಕರು ನಮ್ಮನ್ನು ಕಾಣಲು ಬಂದರು. ಮೂವರು ಬಸವಕಲ್ಯಾಣದವರು, ಒಬ್ಬ ಹುಮನಾಬಾದಿನವನು. ಅವರು ಮೊಬೈಲಿನಲ್ಲಿ ತೆರೆದು ತೋರಿಸಿದ ನಕ್ಷೆಯಲ್ಲಿ ಸಸ್ತಾಪುರ ಬಂಗ್ಲಾದಿಂದ ಹೊರಟ ನೀಲಿ ಗೆರೆಯೊಂದು ಅಟ್ಟಾರಿ, ಲಾಹೋರ್, ಕ್ವೆಟ್ಟಾಗಳನ್ನು ಹಾದು, ಇರಾನ್, ಇರಾಕ್, ಕುವೈತ್‌ಗಳನ್ನು ದಾಟಿ ಪವಿತ್ರ ಮಕ್ಕಾದಲ್ಲಿ ನಿಲ್ಲುತ್ತಿತ್ತು. ಕೆಎ 56 ಫಲಕವಿರುವ ಸ್ವಂತ ಕಾರಿನಲ್ಲಿ ಉಮ್ರಾ ಮಾಡಬೇಕು, ದಾರಿಯುದ್ದಕ್ಕೂ ಚಿತ್ರೀಕರಣ ಮಾಡಿ ಜನರಿಗೆ ತೋರಿಸಬೇಕು ಎಂಬುದು ಅವರ ಹಂಬಲ. ಅದು ಸಾಧ್ಯವಾಗದಿದ್ದರೆ ನೇಪಾಳ, ಭೂತಾನ್‌ಗಳಾದರೂ ಆಗಲಿ ಎಂದು ಎರಡನೆಯ ಯೋಜನೆಯೂ ಸಿದ್ಧವಾಗಿತ್ತು. ಇದು ಪುಣ್ಯದ ಕೆಲಸವಲ್ಲವೇ ಎಂದು ಅವರು ಕೇಳಿದರು.

ಆ ಕ್ಷಣದಲ್ಲಿ ಹೌದೆನ್ನಲೂ ಅಲ್ಲವೆನ್ನಲೂ ನಮಗೆ ಮನಸ್ಸು ಬರಲಿಲ್ಲ. ಅಂದು ಹೇಳಲಾಗದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಸಂಚಾರವನ್ನು ನಮ್ಮ ಧರ್ಮ ಎಂದೂ ಹೀಗಳೆದಿಲ್ಲ. ಭೂಮಿಯಲ್ಲಿ ಸಂಚರಿಸಿ, ಹಿಂದಿನವರ ಪರಿಣಾಮವನ್ನೂ ಸೃಷ್ಟಿಯ ಆರಂಭವನ್ನೂ ನೋಡಿರೆಂದು ಪವಿತ್ರ ಕುರ್‌ಆನ್ ಹಲವು ಕಡೆ ಕರೆ ನೀಡುತ್ತದೆ. ಝಕಾತಿನ ಎಂಟು ಹಕ್ಕುದಾರರಲ್ಲಿ ದಾರಿಹೋಕನೂ ಒಬ್ಬ. ನಮ್ಮ ಸೀಮೆಯಂತೂ ದಾರಿಹೋಕರಿಂದಲೇ ಬೆಳೆದದ್ದು. ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಮೋಳಿಗೆ ಮಾರಯ್ಯ ಕಾಶ್ಮೀರದಿಂದಲೂ ಮರುಳಶಂಕರದೇವ ಅಫ್ಘಾನಿಸ್ತಾನದ ಕಡೆಯಿಂದಲೂ ಬಂದರೆಂಬುದು ಶರಣರ ಪರಂಪರೆಯಲ್ಲಿರುವ ಪ್ರತೀತಿ. ಬೀದರಿನ ಅಷ್ಟೂರಿಗೆ ಹೋದವರು ಹಝ್ರತ್ ಖಲೀಲುಲ್ಲಾಹರ ಚೌಖಂಡಿಯನ್ನು ನೋಡಿಯೇ ಇರುತ್ತಾರೆ. ಆ ಮನೆತನ ಇರಾನಿನ ಕಿರ್ಮಾನಿನಿಂದ ಬಂದುದು. ಗೀಲಾನಿನ ವರ್ತಕ ಮಹಮೂದ್ ಗವಾನರು ಬೀದರಿನಲ್ಲಿ ನೆಲೆಸಿ ಬಹಮನಿ ರಾಜ್ಯದ ವಜೀರರಾದರು. 1472ರಲ್ಲಿ ಅವರು ಕಟ್ಟಿಸಿದ ಮದರಸದ ಮಿನಾರು ಇಂದಿಗೂ ನಿಂತಿದೆ.

ಅದೇ ಕಾಲದ ಇನ್ನೊಬ್ಬ ಪ್ರಯಾಣಿಕನ ಕಥೆಯನ್ನು ಆ ಯುವಕರಿಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಿದೆವು. ರಷ್ಯಾದ ತ್ವೇರ್ ಪಟ್ಟಣದ ಕ್ರೈಸ್ತ ವ್ಯಾಪಾರಿ ಅಫನಾಸಿ ನಿಕಿತಿನ್ ಇರಾನನ್ನು ಹಾದು, ಕಡಲು ದಾಟಿ, ಮಾರಾಟಕ್ಕೆಂದು ಒಂದು ಕುದುರೆಯನ್ನು ತಂದಿದ್ದ. ಜುನ್ನರಿನ ಅಧಿಕಾರಿ ಆ ಕುದುರೆಯನ್ನು ಕಿತ್ತುಕೊಂಡು, ಮತಾಂತರವಾದರೆ ಮಾತ್ರ ಹಿಂದಿರುಗಿಸುವೆನೆಂದು ಬೆದರಿಸಿದ. ಧರ್ಮದಲ್ಲಿ ಬಲಾತ್ಕಾರವಿಲ್ಲವೆಂಬ ಕುರ್‌ಆನಿನ ಆದೇಶವನ್ನು ಓದಿದವನೇ ಮಾಡಿದ ಅನ್ಯಾಯವಿದು. ಆಗ ಖುರಾಸಾನಿನ ಮುಸ್ಲಿಮನೊಬ್ಬ, ತಾನೂ ಪರದೇಶಿಯೇ ಆಗಿದ್ದವನು, ಮಧ್ಯೆ ಬಂದು ಮಾತನಾಡಿ ಕುದುರೆಯನ್ನು ಬಿಡಿಸಿಕೊಟ್ಟ. ನಿಕಿತಿನ್ ಅದನ್ನು ಕೊನೆಗೆ ಬೀದರಿನಲ್ಲಿ ಮಾರಿದ. ತನ್ನ ಪುಸ್ತಕಗಳನ್ನು ಕಳೆದುಕೊಂಡಿದ್ದ ಅವನಿಗೆ ತನ್ನ ಹಬ್ಬ, ಉಪವಾಸಗಳ ಲೆಕ್ಕ ತಪ್ಪಿಹೋಯಿತು. ಮುಸ್ಲಿಮರು ಉಪವಾಸ ಹಿಡಿದಾಗ ತಾನೂ ಹಿಡಿದನೆಂದು ಅವನೇ ಬರೆದಿಟ್ಟಿದ್ದಾನೆ. ಮರಳುವ ದಾರಿಯಲ್ಲಿ, ಊರು ಮುಟ್ಟುವ ಮೊದಲೇ ಅವನು ತೀರಿಕೊಂಡ. ಇಂದು ದೂರದ ದೇಶಕ್ಕೆ ಹೊರಟವರು ತಾವು ನೋಡಲಿರುವ ಬೆಟ್ಟಗಳನ್ನು ಎಣಿಸುತ್ತಾರೆ. ನಮಗೆ ಮಾತ್ರ ಆ ಖುರಾಸಾನಿಯೇ ಹೆಚ್ಚು ನೆನಪಾಗುತ್ತಾನೆ.

ಇನ್ನು ಮಕ್ಕಾದ ರಸ್ತೆಯ ವಿಷಯ. 2022ರ ಜೂನ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಶಿಹಾಬ್ ಚೋಟೂರು ಹಜ್ಜ್‌ಗಾಗಿ ಕಾಲ್ನಡಿಗೆಯಲ್ಲಿ ಹೊರಟಾಗ ನಮ್ಮ ಕರಾವಳಿಯ ಜನರೂ ರಸ್ತೆಯ ಬದಿಯಲ್ಲಿ ನಿಂತು ಸ್ವಾಗತಿಸಿದ್ದರು. ಅವರ ಮುಂದಿದ್ದುದು 8,600 ಕಿಲೋಮೀಟರಿಗೂ ಮಿಕ್ಕಿದ ದಾರಿ. ಪಂಜಾಬಿನವರೆಗೆ ನಡೆದದ್ದಾಯಿತು, ಆದರೆ ಪಾಕಿಸ್ತಾನದ ವೀಸಾ ಸಿಗದೆ ಗಡಿಯ ಬಳಿ ತಿಂಗಳುಗಟ್ಟಲೆ ಕಾಯಬೇಕಾಯಿತು. 2023ರ ಫೆಬ್ರವರಿಯಲ್ಲಷ್ಟೇ ವಾಘಾ ದಾಟಿದರು. ಈಗ ಪರಿಸ್ಥಿತಿ ಇನ್ನೂ ಬಿಗಿಯಾಗಿದೆ. ಪಹಲ್ಗಾಮ್ ಹತ್ಯಾಕಾಂಡದ ಬಳಿಕ, 2025ರ ಏಪ್ರಿಲ್‌ನಲ್ಲಿ, ಅಟ್ಟಾರಿಯ ತಪಾಸಣಾ ಠಾಣೆಯನ್ನು ಮುಚ್ಚಲಾಯಿತು. ಕಾರಿನಲ್ಲಿ ಹೋಗುವವರಿಗೆ ಇನ್ನೊಂದು ತೊಡಕು ‘ಕಾರ್ನೆ’ ಎಂಬ ಸುಂಕದ ದಾಖಲೆಪುಸ್ತಕ. ವಾಹನವನ್ನು ಪರದೇಶದಲ್ಲಿ ಮಾರದೆ ಮರಳಿ ತರುತ್ತೇವೆಂಬುದಕ್ಕೆ ಇಡುವ ಜಾಮೀನು ಅದು. ಕೆಲವು ದೇಶಗಳಿಗೆ ಈ ಜಾಮೀನು ವಾಹನದ ಬೆಲೆಯನ್ನೇ ಮೀರುತ್ತದೆ.

ಹಜ್ಜ್ ಕಡ್ಡಾಯವಾಗುವುದಕ್ಕೆ ಬೇಕಾದ ಸಾಮರ್ಥ್ಯದಲ್ಲಿ ದಾರಿಯ ಸುರಕ್ಷೆಯನ್ನೂ ಧರ್ಮವಿದ್ವಾಂಸರು ಸೇರಿಸಿದ್ದಾರೆ. ಇಬ್ಬರು ಪುತ್ರರ ಆಸರೆಯಲ್ಲಿ ಕಾಲೆಳೆಯುತ್ತಾ ಸಾಗುತ್ತಿದ್ದ ವೃದ್ಧರೊಬ್ಬರನ್ನು ಪ್ರವಾದಿವರ್ಯರು(ಸ) ಕಂಡ ಸಂದರ್ಭ ಬುಖಾರಿ, ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ. ನಡೆದೇ ಹೋಗುವ ಹರಕೆ ಹೊತ್ತಿದ್ದಾರೆಂದು ತಿಳಿದಾಗ, ಈತ ತನ್ನನ್ನು ಹೀಗೆ ಹಿಂಸಿಸಿಕೊಳ್ಳುವ ಅಗತ್ಯ ಅಲ್ಲಾಹನಿಗಿಲ್ಲವೆಂದು ಹೇಳಿ ಸವಾರಿಯಲ್ಲಿ ಹೋಗಲು ಪ್ರವಾದಿವರ್ಯರು(ಸ) ಆಜ್ಞಾಪಿಸಿದರು. ನಮ್ಮ ಹಿರಿಯರೂ ಹೀಗೆಯೇ ನಡೆದುಕೊಂಡರು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಈ ಭಾಗದ ಹಾಜಿಗಳು ಮುಂಬಯಿಗೆ ಹೋಗಿ ಹಡಗು ಹತ್ತುತ್ತಿದ್ದರು. ಮಕ್ಕಾದಲ್ಲಿ ನಿಜಾಮರ ರುಬಾತ್ ಅವರಿಗೆ ವಸತಿಯಾಗಿತ್ತು. 1995ರಲ್ಲಿ ಹಡಗು ನಿಂತಿತು, ಜನ ವಿಮಾನ ಹತ್ತಿದರು. ಹಡಗು ನಿಂತ ಮೇಲೆ ಪುಣ್ಯ ಕಡಿಮೆಯಾಯಿತೆಂದು ಯಾರೂ ಹೇಳಿದ್ದನ್ನು ನಾವು ಕೇಳಿಲ್ಲ.

ಆದರೆ ನಮ್ಮ ನಿಜವಾದ ಆತಂಕ ವೀಸಾದ ಬಗ್ಗೆಯಲ್ಲ. ಮಾತಿನ ನಡುವೆ ಕಾರು ಯಾರದೆಂದು ಕೇಳಿದೆವು. ಬಡ್ಡಿ ಸಾಲದಲ್ಲಿ ಕೊಂಡದ್ದು, ಇನ್ನೂ ಮೂರು ವರ್ಷದ ಕಂತು ಬಾಕಿಯಿದೆ ಎಂಬ ಉತ್ತರ ಬಂತು. ಪ್ರವಾಸದ ಖರ್ಚಿಗೆ ಮತ್ತೊಂದು ಸಾಲದ ಮಾತುಕತೆಯೂ ನಡೆದಿತ್ತು. ಇಬ್ಬರ ಮನೆಯಲ್ಲಿ ವಿಷಯವನ್ನೇ ತಿಳಿಸಿರಲಿಲ್ಲ. ಒಬ್ಬನ ತಾಯಿ ಸಕ್ಕರೆ ಕಾಯಿಲೆಯಿಂದ ಬಳಲುತ್ತಿದ್ದಾರೆ. “ಅಮ್ಮಿಗೆ ಹೊರಡುವ ದಿನ ಹೇಳಿದರಾಯಿತು” ಎಂದ.

ಅವಧಿ ಮುಗಿದ ಸಾಲವಿರುವವನು ಸಾಲ ಕೊಟ್ಟವನ ಅನುಮತಿಯಿಲ್ಲದೆ ದೂರ ಪ್ರಯಾಣ ಹೊರಡಬಾರದೆಂದು ಫಿಕ್‌ಹ್‌ನ ವಿದ್ವಾಂಸರು ಶತಮಾನಗಳ ಹಿಂದೆಯೇ ಬರೆದಿಟ್ಟರು. ಸಾಲದಲ್ಲಿರುವ ವಾಹನವನ್ನು ಕಾರ್ನೆಯೊಡನೆ ಹೊರದೇಶಕ್ಕೆ ಒಯ್ಯಬೇಕಾದರೆ ಸಾಲ ಕೊಟ್ಟ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬೇಕೆಂದು ಇಂದಿನ ನಿಯಮವೂ ಹೇಳುತ್ತದೆ. ಒಂದೇ ಮಾತನ್ನು ಎರಡು ಕಡೆಯಿಂದ ಕೇಳಿದಂತಾಯಿತು. ಸಾಲ ಉಳಿಸಿ ಮೃತನಾದವನ ಜನಾಝ ನಮಾಝಿಗೆ ಪ್ರವಾದಿವರ್ಯರು(ಸ) ಮುಂದಾಗಲಿಲ್ಲ. ಅಬೂ ಕತಾದಾ(ರ) ಆ ಸಾಲದ ಹೊಣೆ ಹೊತ್ತ ಬಳಿಕವೇ ನಮಾಝ್ ನಡೆಯಿತು. ಹಿಜ್ರತ್‌ನ ರಾತ್ರಿಯನ್ನೂ ನೆನೆಯಿರಿ. ಪ್ರಾಣಕ್ಕೇ ಸಂಚಕಾರವಿದ್ದ ಆ ಗಳಿಗೆಯಲ್ಲಿ ಅಲಿ(ರ) ಅವರನ್ನು ಮಕ್ಕಾದಲ್ಲಿ ಬಿಟ್ಟುಹೋದದ್ದು ಜನರು ಇರಿಸಿದ್ದ ಅಮಾನತುಗಳನ್ನು ಒಪ್ಪಿಸುವುದಕ್ಕಾಗಿ. ಅವನ್ನು ಇರಿಸಿದ್ದವರು ವಿರೋಧಿ ಪಾಳಯದ ಜನ.

ಬಡ್ಡಿಯ ಕಾರಿನಲ್ಲಿ ಕುಳಿತು, ತಾಯಿಗೆ ತಿಳಿಸದೆ, ಕ್ಯಾಮೆರಾದ ಮುಂದೆ ಲಬ್ಬೈಕ್ ಹೇಳುತ್ತಾ ಹೋಗುವುದನ್ನು ಪುಣ್ಯವೆನ್ನಲು ನಮ್ಮಿಂದಾಗದು. ಈ ಮಾತು ಕಟುವೆನಿಸಿದರೆ ಆ ಯುವಕರು ಕ್ಷಮಿಸಬೇಕು.

ನೇಪಾಳ, ಭೂತಾನ್‌ಗಳ ಯೋಜನೆಗೆ ನಮ್ಮ ಆಕ್ಷೇಪವಿಲ್ಲ. ಕೈಯಲ್ಲಿರುವ ಹಣದಿಂದ, ಮನೆಯವರ ಒಪ್ಪಿಗೆಯಿಂದ ಹೋಗುವುದಾದರೆ ಹೋಗಿಬರಲಿ. ಅದನ್ನು ಇಬಾದತ್ ಎಂದು ಕರೆಯದೆ ಪ್ರವಾಸವೆಂದೇ ಕರೆಯಲಿ. ಹುಮನಾಬಾದಿನಲ್ಲಿ 65 ಮತ್ತು 50ನೆಯ ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. ಅಲ್ಲಿಂದ ಬೀದರ್, ನಾಂದೇಡ್, ನಾಗಪುರ, ಜಬಲ್ಪುರ ಹಿಡಿದು ಗೋರಖ್‌ಪುರದ ಆಚೆ ಸೋನೌಲಿಯ ಗಡಿ ಸೇರಬಹುದು. ನೇಪಾಳಕ್ಕೆ ನಮಗೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇರಲಿ, ಆಧಾರ್ ಕಾರ್ಡೊಂದನ್ನೇ ನಂಬಿ ಹೋಗಬೇಡಿ. ವಾಹನಕ್ಕೆ ಗಡಿಯ ಸುಂಕದ ಕಚೇರಿಯಲ್ಲಿ ದಿನದ ಲೆಕ್ಕದಲ್ಲಿ ಭನ್ಸಾರ್ ಕಟ್ಟಬೇಕು. ಭೂತಾನ್‌ನಲ್ಲಿ ಭಾರತೀಯರು ತಲಾ ರಾತ್ರಿಗೆ 1,200 ರೂಪಾಯಿ ಶುಲ್ಕ ತೆರಬೇಕು. ಇದು 2022ರಿಂದ ಜಾರಿಯಲ್ಲಿದೆ. ಕಾಠ್ಮಂಡುವಿನ ಹೃದಯಭಾಗದಲ್ಲಿಯೇ ಕಾಶ್ಮೀರಿ ತಕಿಯಾ ಮಸೀದಿಯಿದೆ. ಟಿಬೆಟ್ ವ್ಯಾಪಾರದ ದಾರಿಯಲ್ಲಿ ಬಂದ ಕಾಶ್ಮೀರಿಗಳು ಅಲ್ಲಿ ನೆಲೆಯೂರಿದವರು. ಗೋಹತ್ಯೆಗೆ ಆ ದೇಶದಲ್ಲಿ ನಿಷೇಧವಿದೆ; ಅತಿಥಿಯಾಗಿ ಹೋದವನು ಅದನ್ನು ಗೌರವಿಸಬೇಕು.

ಪ್ರಯಾಣದ ನಮಾಝಿನ ಬಗ್ಗೆಯೂ ಅವರಿಗೆ ಗೊಂದಲವಿತ್ತು. ಕಲ್ಯಾಣದಿಂದ ಹುಮನಾಬಾದಿಗೆ ಹೋಗಿಬರುವವನು ಮುಸಾಫಿರನಲ್ಲ, ಹೈದರಾಬಾದಿಗೆ ಹೊರಟವನು ಮುಸಾಫಿರ. ಹನಫಿ ಅಭಿಪ್ರಾಯದಂತೆ ಒಂದೂರಿನಲ್ಲಿ ಹದಿನೈದು ದಿನ ತಂಗುವ ಸಂಕಲ್ಪವಿಲ್ಲದಿರುವವರೆಗೆ ನಾಲ್ಕು ರಕಅತ್‌ಗಳ ಫರ್ಝ್ ಎರಡಾಗುತ್ತದೆ. ಮೂವರು ಜೊತೆಯಾಗಿ ಹೊರಟರೆ ಒಬ್ಬನನ್ನು ಅಮೀರನನ್ನಾಗಿ ಆರಿಸಬೇಕೆಂಬ ಪ್ರವಾದಿ ನಿರ್ದೇಶವೂ ಇದೆ. ಈ ನಾಲ್ವರಲ್ಲಿ ಯಾರು ಅಮೀರನೆಂದು ಕೇಳಿದಾಗ ಒಟ್ಟಿಗೇ ಇಬ್ಬರು ಕೈಯೆತ್ತಿದರು. ಕಾರಿಗಿಂತ ಮೊದಲು ಇದನ್ನು ಸರಿಪಡಿಸಿಕೊಳ್ಳಿ ಎಂದೆವು.

ಹುಮನಾಬಾದಿನ ಹಳೆಯ ಲಾರಿ ಚಾಲಕರೊಬ್ಬರು ಅಂದು ನಮ್ಮೊಡನಿದ್ದರು. ಮಾತೆಲ್ಲ ಮುಗಿಯುವವರೆಗೆ ಸುಮ್ಮನಿದ್ದು, “ರಕ್ಸೌಲ್ ಗಡಿಯಲ್ಲಿ ಮೂರು ದಿನ ಲಾರಿ ನಿಲ್ಲಿಸಿಕೊಂಡು ಕೂತವನು ನಾನು, ಮಕ್ಕಳೇ. ಟೈರ್ ನೋಡಿದ್ದೀರಾ?” ಎಂದರು. ನೋಡಿರಲಿಲ್ಲ. ಚಾಚಾ ಟಾರ್ಚ್ ಹಿಡಿದು ಹೊರಗೆ ಹೋದರು, ನಾಲ್ವರೂ ಹಿಂದೆಯೇ ಹೋದರು. ಹಿಂದಿನ ಎರಡು ಟೈರ್ ಸವೆದಿದ್ದವು.

ಮೊನ್ನೆ ಅವರಲ್ಲೊಬ್ಬ ಮತ್ತೆ ಸಿಕ್ಕಿದ್ದ. ಎರಡನೆಯ ಸಾಲದ ಅರ್ಜಿಯನ್ನು ಹಿಂತೆಗೆದುಕೊಂಡಿದ್ದಾರೆ. ಕಂತುಗಳು ತೀರುವವರೆಗೆ ಕಾಯಬೇಕೆಂದು ಮೂವರಿಗಿದೆ. ನಾಲ್ಕನೆಯವನು ಇನ್ನೂ ಒಪ್ಪಿಲ್ಲ. ಅಮ್ಮಿಗೆ ವಿಷಯ ತಿಳಿಸಿದ್ದಾಯಿತಂತೆ. ಆಕೆ ಬೇಡವೆನ್ನಲಿಲ್ಲ, ತನ್ನನ್ನೂ ಕರೆದೊಯ್ಯುವೆಯಾ ಎಂದು ಕೇಳಿದರಂತೆ.