ಕ್ಯಾಮೆರಾ ರೀಲು ಬಿಡುವುದಿಲ್ಲ

ಹಳೆಯ ಫಿಲಂ ಕ್ಯಾಮೆರಾಗಳಿಗೆ ಮತ್ತೆ ಕಾಲ ಬಂದಿದೆ. ಅಟ್ಟ ಸೇರಿ ದೂಳು ತಿನ್ನುತ್ತಿದ್ದವನ್ನು ನಮ್ಮ ವಯಸ್ಸಿನವರು ಹುಡುಕಿಕೊಂಡು ಹೋಗಿ ಕೊಳ್ಳುತ್ತಿದ್ದಾರೆ. ಸಂತೋಷದ ಸಂಗತಿಯೇ. ಆದರೆ ಕೊಳ್ಳುವವರೂ ಮಾರುವವರೂ ನೋಡುವುದು ಎದುರಿಗೆ ಬರೆದಿರುವ ಹೆಸರನ್ನು ಮಾತ್ರ. ಹೆಸರು ನೋಡಿ ಬೆಲೆ ಕಟ್ಟುತ್ತಾರೆ, ಹೆಸರಿನಲ್ಲಿ ಒಂದು ಅಕ್ಷರ ಕಡಿಮೆಯಿದ್ದರೆ ‘ಡೂಪ್ಲಿಕೇಟ್’ ಎಂದು ಮೂಗು ಮುರಿಯುತ್ತಾರೆ. ಈ ಅಭ್ಯಾಸ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಒಂದೇ ಹೆಸರಿನ ಎರಡು ಕ್ಯಾಮೆರಾಗಳು ಒಳಗೆ ಬೇರೆ ಬೇರೆ ಆಗಿರಬಹುದು. ಆ ವ್ಯತ್ಯಾಸ ಗುರುತಿಸುವುದನ್ನು ಕಲಿಯುವುದು ಹವ್ಯಾಸಿಗಳಿಗಿಂತ ಹೆಚ್ಚಾಗಿ ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಅಗತ್ಯ.

ನಾನು ಹೇಳುತ್ತಿರುವುದು ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾಗಳ ಬಗ್ಗೆ. ನಮ್ಮೂರಿನ ಸ್ಟುಡಿಯೊಗಳಲ್ಲಿ ಫೋಟೊಗ್ರಾಫರ್ ತಲೆ ಬಗ್ಗಿಸಿ ಮೇಲಿನಿಂದ ಇಣುಕುತ್ತಿದ್ದ, ಎರಡು ಕಣ್ಣಿನ ಪೆಟ್ಟಿಗೆಯಂಥ ಕ್ಯಾಮೆರಾ ನೆನಪಿದೆಯೇ? ಅದೂ ಈ ಜಾತಿಯದೇ. ಇದಕ್ಕೆ ಹಾಕುವುದು 120 ರೋಲು. ಕೊಡಕ್ ಕಂಪನಿ 1901ರಲ್ಲಿ ತಂದ ಈ ರೋಲು ಇವತ್ತಿಗೂ ಸಿಗುತ್ತದೆ. 6×6 ಅಳತೆಯಲ್ಲಿ ತೆಗೆದರೆ 12 ಫೋಟೊ. ಒಂದೊಂದು ನೆಗೆಟಿವ್ ಸಾಮಾನ್ಯ 35 ಎಂ.ಎಂ. ನೆಗೆಟಿವ್‌ಗಿಂತ ಮೂರೂವರೆ ಪಟ್ಟು ದೊಡ್ಡದು.

ಸ್ವೀಡನ್ನಿನ ಹ್ಯಾಸೆಲ್‌ಬ್ಲಾಡ್ ಉದಾಹರಣೆಯನ್ನೇ ತೆಗೆದುಕೊಳ್ಳಿ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ಮೇಲೆ ಬಳಸಿದ್ದು ಇದೇ ಕಂಪನಿಯ ಕ್ಯಾಮೆರಾ. ಇದರ ಸೀರಿಯಲ್ ನಂಬರಿನ ಮೊದಲ ಎರಡು ಅಕ್ಷರಗಳಲ್ಲಿ ತಯಾರಾದ ವರ್ಷ ಅಡಗಿದೆ. ‘ವಿಎಚ್ ಪಿಕ್ಚರ್ಸ್’ ಎಂಬ ಇಂಗ್ಲಿಷ್ ಪದಗಳ ಹತ್ತು ಅಕ್ಷರಗಳಿಗೆ ಕ್ರಮವಾಗಿ 1ರಿಂದ 9, ಕೊನೆಯದಕ್ಕೆ ಸೊನ್ನೆ ಎಂದು ಲೆಕ್ಕ. ವಿ ಎಂದರೆ 1, ಎಚ್ ಎಂದರೆ 2, ಯು ಎಂದರೆ 7. ‘ಯುಎಚ್’ ಎಂದು ಶುರುವಾದರೆ ಅದು 1972ರ ಕ್ಯಾಮೆರಾ. ವಿ, ಎಚ್ ಎಂಬುವು ಕಂಪನಿ ಕಟ್ಟಿದ ವಿಕ್ಟರ್ ಹ್ಯಾಸೆಲ್‌ಬ್ಲಾಡ್ ಅವರ ಹೆಸರಿನ ಮೊದಲಕ್ಷರಗಳು.

ಇಷ್ಟು ತಿಳಿದರೆ ಸಾಕೇ? ಸಾಲದು. ಹ್ಯಾಸೆಲ್‌ಬ್ಲಾಡ್‌ನಲ್ಲಿ ಬಾಡಿ, ಲೆನ್ಸು, ಹಿಂಬದಿಯ ಫಿಲಂ ಮ್ಯಾಗಜಿನ್ ಮೂರೂ ಬಿಚ್ಚಿ ಬದಲಾಯಿಸುವಂಥವು. ಮೂರಕ್ಕೂ ಬೇರೆ ಬೇರೆ ನಂಬರ್. 1972ರ ಬಾಡಿಗೆ 1978ರ ಮ್ಯಾಗಜಿನ್ ಇದ್ದರೆ ಅದು ಮೋಸವಲ್ಲ, ಆ ವಿನ್ಯಾಸದ ಗುಣ. ಆದರೆ ಮ್ಯಾಗಜಿನ್ನಿನ ಹೊರಕವಚದ ನಂಬರಿನ ಕೊನೆಯ ಮೂರು ಅಂಕಿಗಳು, ರೋಲು ಹಾಕುವ ಒಳಭಾಗದಲ್ಲಿರುವ ಮೂರು ಅಂಕಿಗಳಿಗೆ ಹೊಂದಬೇಕು. ಕಾರ್ಖಾನೆ ಅವನ್ನು ಜೋಡಿ ಮಾಡಿಯೇ ಕಳುಹಿಸುತ್ತಿತ್ತು. ಹೊಂದದಿದ್ದರೆ ನಡುವೆ ಯಾರೋ ಅದಲುಬದಲು ಮಾಡಿದ್ದಾರೆ ಎಂದರ್ಥ. ಅಂದರೆ ಒಂದು ಕಡೆ ನಂಬರ್ ಬೇರೆಯಾಗಿರುವುದು ಸಹಜ, ಇನ್ನೊಂದು ಕಡೆ ಅದೇ ಎಚ್ಚರಿಕೆಯ ಗಂಟೆ. ಯಾವುದು ಯಾವುದೆಂದು ಹೇಳಲು ಯಂತ್ರ ಹೇಗೆ ಕೂಡಿಕೊಂಡಿದೆ ಎಂಬುದು ಗೊತ್ತಿರಬೇಕು.

ಹೆಸರು ಬದಲಾಗದೆ ಒಳಗಿನದು ಬದಲಾಗುವುದೂ ಉಂಟು. ಜಪಾನಿನ ಪೆಂಟ್ಯಾಕ್ಸ್ 6×7 ಮಾರುಕಟ್ಟೆಗೆ ಬಂದದ್ದು 1969ರಲ್ಲಿ. ಅದರ ಒಳಗಿನ ಕನ್ನಡಿ ದೊಡ್ಡದು, ಕ್ಲಿಕ್ ಮಾಡಿದಾಗ ಮೇಲಕ್ಕೆ ಹಾರಿ ಕ್ಯಾಮೆರಾವನ್ನೇ ಅಲುಗಿಸುತ್ತದೆ. ಕನ್ನಡಿಯನ್ನು ಮೊದಲೇ ಮೇಲೆತ್ತಿ ನಿಲ್ಲಿಸುವ ಪುಟ್ಟ ಸ್ವಿಚ್ಚನ್ನು ಕಂಪನಿ ಸೇರಿಸಿದ್ದು ಕೆಲವು ವರ್ಷಗಳ ನಂತರ. ಹೊರಗಿನ ಹೆಸರು ಆಗಲೂ 6×7. ಟ್ರೈಪಾಡ್ ಮೇಲಿಟ್ಟು ನಿಧಾನದ ಶಟರ್‌ನಲ್ಲಿ ಚಿತ್ರ ತೆಗೆಯುವವರಿಗೆ ಆ ಸ್ವಿಚ್ಚು ಇದೆಯೋ ಇಲ್ಲವೋ ಎಂಬುದೇ ಮುಖ್ಯ. ಹೆಸರು ನೋಡಿ ಕೊಂಡವರಿಗೆ ಅದು ಮನೆಗೆ ಬಂದ ಮೇಲೆ ತಿಳಿಯುತ್ತದೆ.

‘ಇದೆಲ್ಲ ಹಣವಿದ್ದವರ ಹುಚ್ಚು, ನಮಗೇಕೆ?’ ಎಂದು ನೀವು ಕೇಳಬಹುದು. ನನ್ನ ಉತ್ತರ ನಮ್ಮ ಮನೆಯಿಂದಲೇ ಇದೆ. ನಮ್ಮ ಅಜ್ಜ ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಪೇಟೆಯಲ್ಲಿ ಸ್ಟುಡಿಯೊ ಇಟ್ಟಿದ್ದರು. ಮದುವೆ, ಗೃಹಪ್ರವೇಶ, ಏಳನೇ ಕ್ಲಾಸಿನ ಗ್ರೂಪ್ ಫೋಟೊ ಎಲ್ಲವನ್ನೂ ತೆಗೆದದ್ದು ಒಂದು ಯಾಶಿಕಾ ಮ್ಯಾಟ್ 124ರಲ್ಲಿ. ಕಳೆದ ವರ್ಷ ನನ್ನ ಕಾಲೇಜು ಫೀಸಿಗೆ ಹಣ ಸಾಲದೆ ಬಂದಾಗ ಅಪ್ಪ ಅದನ್ನು ಮಾರಲು ಹೊರಟರು. ವ್ಯಾಪಾರಿಯೊಬ್ಬರು ತಿರುಗಿಸಿ ನೋಡಿ, ‘ಒರಿಜಿನಲ್ ಅಂದ್ರೆ ಹೆಸರಿನ ಕೊನೇಲಿ ಜಿ ಅಂತ ಇರ್ಬೇಕು, ಇದರ ಮುಖ ಯಾರೋ ಬದಲಾಯಿಸಿದಾರೆ. ಮೀಟರೂ ಸತ್ತಿದೆ. ಗುಜರಿ ರೇಟು ಕೊಡ್ತೀನಿ’ ಎಂದರು. ಅಪ್ಪ ಒಪ್ಪಿಕೊಳ್ಳುವವರಿದ್ದರು.

ನಾನು ಅಡ್ಡ ಬಂದೆ. ಯಾಶಿಕಾ ಮ್ಯಾಟ್ 124 ಬಂದದ್ದು 1968ರಲ್ಲಿ. ‘ಜಿ’ ಇರುವ 124ಜಿ ಅದರ ನಂತರದ್ದು. ಜಿ ಎಂದರೆ ಗೋಲ್ಡ್, ಅಂದರೆ ಬೆಳಕು ಅಳೆಯುವ ಮೀಟರಿನ ವಿದ್ಯುತ್ ಸಂಪರ್ಕದ ಬಿಂದುಗಳಿಗೆ ತುಕ್ಕು ಹಿಡಿಯದಂತೆ ಚಿನ್ನದ ಲೇಪ ಕೊಟ್ಟದ್ದರ ಗುರುತು. ಹಳೆಯದರ ಮುಂಭಾಗದಲ್ಲಿ ಬೆಳ್ಳಿ ಹೊಳಪು, ಜಿ ಮಾದರಿಯದು ಕಪ್ಪು. ಹಾಗಾಗಿ ಜಿ ಇಲ್ಲದ್ದು, ಬೆಳ್ಳಿ ಮುಖದ್ದು ನಕಲಿ ಅಲ್ಲ, ಅಣ್ಣ. ಇನ್ನು ಮೀಟರು. ಅದಕ್ಕೆಂದು ಮಾಡಿದ 1.35 ವೋಲ್ಟಿನ ಪಾದರಸದ ಬ್ಯಾಟರಿ ಈಗ ಮಾರುಕಟ್ಟೆಯಲ್ಲಿಲ್ಲ. ಬ್ಯಾಟರಿಯೇ ಇಲ್ಲದ ಮೀಟರನ್ನು ಸತ್ತಿದೆ ಎನ್ನುವುದು ಸಿಮ್ ಇಲ್ಲದ ಫೋನನ್ನು ಕೆಟ್ಟಿದೆ ಎಂದಂತೆ. 1.5 ವೋಲ್ಟಿನ ಸೆಲ್ ಹಾಕಿ ನೋಡಿದೆವು, ಮುಳ್ಳು ಅಲ್ಲಾಡಿತು. ಅಳತೆ ಸ್ವಲ್ಪ ಹೆಚ್ಚುಕಮ್ಮಿ ಬರುತ್ತದೆ, ಆದರೆ ಜೀವ ಇತ್ತು.

ಅದೇ ಕ್ಯಾಮೆರಾದಲ್ಲಿ ಹೊರಗಿನ ಒಂದು ಸ್ಕ್ರೂ ಉಳಿದವಕ್ಕಿಂತ ಬೇರೆ ಇತ್ತು. ಒಂದು ಬದಿಯ ಚರ್ಮವನ್ನು ಮತ್ತೆ ಅಂಟಿಸಿದ ಗುರುತಿತ್ತು. ಅವು ಕಾರ್ಖಾನೆಯ ಕೆಲಸವಲ್ಲ, ಅಜ್ಜನ ಕೈಕೆಲಸ. ಹಳೆಯ ಯಂತ್ರದಲ್ಲಿ ಕಾಣುವ ವ್ಯತ್ಯಾಸಗಳು ಮೂರು ಬಗೆ ಎಂಬುದು ನನಗೆ ಮನದಟ್ಟಾದದ್ದು ಹೀಗೆ. ಮೊದಲನೆಯದು, ತಯಾರಕರೇ ಮಾಡಿದ ಬದಲಾವಣೆ. ಎರಡನೆಯದು, ಬಳಸಿದವರು ಕೆಲಸ ನಿಲ್ಲಬಾರದೆಂದು ಮಾಡಿದ ರಿಪೇರಿ. ಮೂರನೆಯದು, ಬೆಲೆ ಏರಿಸಲು ಮಾಡಿದ ಮೋಸ. ಮೂರನ್ನೂ ಒಂದೇ ಚೀಲಕ್ಕೆ ತುಂಬಿ ‘ಡೂಪ್ಲಿಕೇಟ್’ ಎಂದು ಹೆಸರಿಟ್ಟರೆ ನಷ್ಟವಾಗುವುದು ತಿಳಿಯದೆ ಮಾರುವ ಬಡವರಿಗೆ, ತಿಳಿಯದೆ ಕೊಳ್ಳುವ ಹುಡುಗರಿಗೆ. ಲಾಭ ಮಾತ್ರ ನಡುವಿನವರಿಗೆ.

ಕೊನೆಗೆ ನಾವು ಕ್ಯಾಮೆರಾ ಮಾರಿದೆವು. ಫೀಸು ಕಟ್ಟಲೇಬೇಕಿತ್ತು. ಆದರೆ ಏನಿದೆ, ಏನಿಲ್ಲ, ಯಾವುದು ಕಾರ್ಖಾನೆಯದು, ಯಾವುದು ಅಜ್ಜನದು ಎಂದು ಒಂದು ಹಾಳೆಯಲ್ಲಿ ಬರೆದು ಅದರ ಜೊತೆಗಿಟ್ಟು, ಬೇರೊಬ್ಬರಿಗೆ ಮಾರಿದೆವು. ಕೊಂಡವರು ಹಾಳೆಯನ್ನು ಓದಿ, ಚೌಕಾಸಿ ಮಾಡದೆ ಹಣ ಎಣಿಸಿದರು.

ಈಗ ನಮ್ಮ ಓದಿನ ವಿಷಯಕ್ಕೆ ಬರೋಣ. ಮಷಿನ್ ಡ್ರಾಯಿಂಗ್ ಹಾಳೆಯ ಕೆಳಮೂಲೆಯಲ್ಲಿ ‘ರಿವಿಷನ್’ ಎಂಬ ಅಂಕಣ ಇರುತ್ತದೆ. ನಮ್ಮಲ್ಲಿ ಬಹುಪಾಲು ಜನ ಅದನ್ನು ಖಾಲಿ ಬಿಡುತ್ತೇವೆ, ಇಲ್ಲವೇ ಸೊನ್ನೆ ಬರೆಯುತ್ತೇವೆ. ಯಂತ್ರವೊಂದು ಒಮ್ಮೆ ಹುಟ್ಟಿ ಹಾಗೇ ಉಳಿಯುತ್ತದೆ ಎಂಬ ಭಾವನೆ ಅಲ್ಲಿಂದಲೇ ಬೆಳೆಯುತ್ತದೆ. ಆದರೆ ಕಾರ್ಖಾನೆಯಲ್ಲಿ ಬದುಕಿರುವುದು ಆ ಅಂಕಣದಲ್ಲೇ. ಎಲ್ಲೋ ತುಕ್ಕು ಹಿಡಿಯಿತು, ಎಲ್ಲೋ ಕನ್ನಡಿ ಅಲುಗಿತು, ದೂರು ಬಂತು, ಯಾರೋ ಎಂಜಿನಿಯರ್ ಕುಳಿತು ತಿದ್ದಿದರು. ಚಿನ್ನದ ಲೇಪವಾಗಲಿ, ಪುಟ್ಟ ಸ್ವಿಚ್ಚಾಗಲಿ ಅಂಥ ತಿದ್ದುಪಡಿಗಳೇ. ನಾಳೆ ನಮಗೆ ಸರ್ವಿಸ್‌ನಲ್ಲೋ ಕ್ವಾಲಿಟಿ ವಿಭಾಗದಲ್ಲೋ ಕೆಲಸ ಸಿಕ್ಕರೆ, ಬಿಡಿಭಾಗ ತರಿಸುವ ಮೊದಲು ಕೇಳಬೇಕಾದ ಪ್ರಶ್ನೆ ‘ಯಾವ ಕಂಪನಿಯದು?’ ಎಂಬುದಷ್ಟೇ ಅಲ್ಲ, ‘ಯಾವ ತಿದ್ದುಪಡಿಯದು?’ ಎಂಬುದು. ಸಂದರ್ಶನಕ್ಕೆಂದು ರೆಡಿಮೇಡ್ ಪ್ರಾಜೆಕ್ಟ್ ಕೊಳ್ಳುವ ಬದಲು ಒಂದು ಹಳೆಯ ಯಂತ್ರವನ್ನು ಹೀಗೆ ಓದಿ ವರದಿ ಬರೆದರೆ ಅದೇ ಒಳ್ಳೆಯ ಪ್ರಾಜೆಕ್ಟ್ ಅಲ್ಲವೇ?

ಶುರು ಮಾಡಲು ಹ್ಯಾಸೆಲ್‌ಬ್ಲಾಡ್ ಬೇಕಿಲ್ಲ. ಬರೋಡಾದಲ್ಲಿ ತಯಾರಾಗುತ್ತಿದ್ದ, 120 ರೋಲಿನ ಅಗ್ಫಾ ಕ್ಲಿಕ್ 3 ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿದೆ. ಅದರ ಮೇಲೆ ‘ಅಗ್ಫಾ ಗೇವರ್ಟ್’ ಎಂದಿದ್ದರೆ ಅದು 1964ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ, ಏಕೆಂದರೆ ಎರಡು ಕಂಪನಿಗಳು ಒಂದಾದದ್ದೇ ಆ ವರ್ಷ. ನೋಡಿ, ಬರೀ ಹೆಸರಿನ ಪಟ್ಟಿಯಿಂದ ಒಂದು ಗಟ್ಟಿ ಸಂಗತಿ ಸಿಕ್ಕಿತು. ಮುಂದೆ ಮುಚ್ಚಳ, ಲೆನ್ಸಿನ ಸುತ್ತಿನ ಬರಹ, ಸ್ಕ್ರೂಗಳ ತಲೆ ಒಂದೊಂದಾಗಿ ನೋಡಿ. ಫೋಟೊ ತೆಗೆದಿಡಿ. ಇನ್ನೊಂದು ಸಿಕ್ಕಾಗ ಪಕ್ಕದಲ್ಲಿಟ್ಟು ಹೋಲಿಸಿ. ಗೊತ್ತಿದ್ದದ್ದನ್ನು ಗೊತ್ತು ಎಂದೂ, ಊಹೆಯನ್ನು ಊಹೆ ಎಂದೂ ಬೇರೆ ಬೇರೆ ಬರೆಯಿರಿ.

ಮಾರುಕಟ್ಟೆಯಲ್ಲಿ ರೀಲು ಬಿಡುವವರು ಯಾವಾಗಲೂ ಇರುತ್ತಾರೆ. ಅವರ ಮಾತಿಗೆ ತಲೆಯಾಡಿಸುವ ಮೊದಲು ಕ್ಯಾಮೆರಾವನ್ನೇ ಒಮ್ಮೆ ತಿರುಗಿಸಿ ನೋಡಿ. ರೀಲು ತುಂಬಿಸಿಕೊಳ್ಳುವುದು ಅದಕ್ಕೆ ಗೊತ್ತು, ಬಿಡುವುದು ಗೊತ್ತಿಲ್ಲ.