ಬೆರಳಿಗೂ ದಾಖಲೆಗೂ ನಡುವಣ ದುಭಾಷಿ

ಸುಳ್ಯದಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಸಿಕ್ಕುವ ಕಲ್ಲುಗುಂಡಿಯ ಪೇಟೆಯಲ್ಲಿ ಅರೆಭಾಷೆ, ತುಳು, ಕನ್ನಡ, ಮಲಯಾಳಗಳು ಒಂದೇ ಜಗಲಿಯ ಮೇಲೆ ಕೇಳಿಬರುವುವು. ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯದಿದ್ದರೆ ಮೂರನೆಯವನು ನಡುವೆ ನಿಂತು ತಿಳಿಸುವನು, ವ್ಯಾಪಾರವು ನಿಲ್ಲುವುದಿಲ್ಲ. ಯಂತ್ರಲೋಕದಲ್ಲಿಯೂ ಇಂತಹ ದುಭಾಷಿಯುಂಟು. ಅವನ ಹೆಸರು ಡ್ರೈವರು. ಲಾರಿಯ ಚಾಲಕನೆಂದು ವಾಚಕರು ಭಾವಿಸಬಾರದು. ಬೆರಳಚ್ಚಿನ ಯಂತ್ರವು ಹೇಳಿದ್ದನ್ನು ಗಣಕಕ್ಕೆ ತಿಳಿಯಪಡಿಸುವ ತಂತ್ರಾಂಶವಿದು.

ಪಡಿತರದ ಅಂಗಡಿಯಲ್ಲಿ ಈ ದುಭಾಷಿಯು ಮೌನ ತಾಳಿದರೆ ಅಪವಾದವೆಲ್ಲವೂ ಬೆರಳಿನ ಮೇಲೆ ಬೀಳುವುದು. ಅಡಿಕೆ ಸುಲಿದು, ರಬ್ಬರು ಟ್ಯಾಪು ಮಾಡಿ ಸವೆದ ಬೆರಳುಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ, ನಿಜ. ಆದರೆ ಎಲ್ಲ ದೋಷವೂ ಬೆರಳಿನದೇ ಎಂಬುದು ಅನ್ಯಾಯ.

ಹಿಂದೆ ಹೀಗಿರಲಿಲ್ಲ. 2008ರಲ್ಲಿ ಆರಂಭವಾದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ ಸ್ಮಾರ್ಟ್ ಕಾರ್ಡಿನಲ್ಲಿ ಮನೆಯವರ ಬೆರಳಚ್ಚು ಚಿಪ್ಪಿನೊಳಗೇ ಅಡಕವಾಗಿದ್ದಿತು. ಆಸ್ಪತ್ರೆಯಲ್ಲಿ ದೂರದ ದಾಖಲೆಯನ್ನು ಕೇಳದೆಯೇ ತಾಳೆ ನೋಡಬಹುದಾಗಿದ್ದಿತು. ವಾಹನ ಚಾಲನೆಯ ಪರವಾನಗಿ ಕಾರ್ಡುಗಳಿಗಾಗಿ ಕಾನ್ಪುರದ ಐಐಟಿಯೂ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವೂ ಕೂಡಿ 'ಸ್ಕೋಸ್ಟಾ' ಎಂಬ ಸಮಾನ ಭಾಷೆಯನ್ನೇ ರೂಪಿಸಿದ್ದುವು. ಯಾರು ತಯಾರಿಸಿದ ಕಾರ್ಡೇ ಆಗಲಿ, ಯಾರ ಯಂತ್ರವೇ ಆಗಲಿ, ಪರಸ್ಪರ ಅರಿಯಬೇಕೆಂಬುದೇ ಅದರ ಉದ್ದೇಶ. ಬಹು ಒಳ್ಳೆಯ ಸಂಕಲ್ಪವೆಂದು ನಮ್ಮ ಮತ.

ಆಧಾರಕ್ಕಾದರೋ ಚಿಪ್ಪೇ ಇಲ್ಲ, ಸಂಖ್ಯೆಯೊಂದು, ಬೆರಳೊಂದು. ಪಾತ್ರೆಗೆ ತುಪ್ಪ ಆಧಾರವೋ ತುಪ್ಪಕ್ಕೆ ಪಾತ್ರೆ ಆಧಾರವೋ ಎಂದು ಪಾತ್ರೆಯನ್ನು ಬೋರಲು ಹಾಕಿ ನೋಡಿದ ತಾರ್ಕಿಕನಿದ್ದಿದ್ದರೆ, ಮನುಷ್ಯನಿಗೆ ಸಂಖ್ಯೆ ಆಧಾರವೋ ಸಂಖ್ಯೆಗೆ ಮನುಷ್ಯನೋ ಎಂದು ಇಲ್ಲಿಯೂ ಕೇಳುತ್ತಿದ್ದನು. ಅದಿರಲಿ. 2017ರಲ್ಲಿ ಬಂದ ಏರ್ಪಾಡಿನಂತೆ ಬೆರಳಚ್ಚಿನ ಯಂತ್ರವು ನೋಂದಾಯಿತವಾಗಿರತಕ್ಕದ್ದು. ಅಚ್ಚನ್ನು ಗೂಢಲಿಪಿಗೆ ತಿರುಗಿಸಿಯೇ ಕಳುಹಿಸತಕ್ಕದ್ದು. ಕಳವಿನಿಂದ ರಕ್ಷಿಸುವುದಕ್ಕೆ ಇದು ಯುಕ್ತವೇ. ಆದರೆ ಒಬ್ಬೊಬ್ಬ ತಯಾರಕನ ಯಂತ್ರಕ್ಕೂ ಅವನದೇ 'ಆರ್‌ಡಿ ಸರ್ವಿಸ್' ಬೇಕು. ಒಂದರದು ಇನ್ನೊಂದಕ್ಕೆ ಸಲ್ಲದು. ಅದರ ಚಂದಾ ಅವಧಿ ತೀರಿದರೂ, ಗಣಕದ ವಿಂಡೋಸ್ ಬದಲಾಗಿ ಹಳೆಯ ಡ್ರೈವರು ಹೊಂದದಿದ್ದರೂ, ಬೆರಳು ಎಷ್ಟು ಸ್ಪಷ್ಟವಾಗಿದ್ದರೇನು?

ಗೃಹಸ್ಥರು ತಿಳಿದಿರಬೇಕಾದ ಸಂಗತಿಯೊಂದುಂಟು. ಯಂತ್ರವು ಸೋತಾಗ ಪರದೆಯ ಮೇಲೆ ಒಂದು ಸಂಖ್ಯೆ ಬರುವುದು. 300 ಎಂದಿದ್ದರೆ ಬೆರಳಚ್ಚು ದಾಖಲೆಯೊಡನೆ ಹೊಂದಲಿಲ್ಲವೆಂದರ್ಥ. ಕೈ ತೊಳೆದು ಬೇರೆ ಬೆರಳಿಟ್ಟು ನೋಡಬಹುದು. 720 ಎಂದಿದ್ದರೆ ಯಂತ್ರವೇ ಸಿದ್ಧವಿಲ್ಲ. ಹತ್ತು ಬೆರಳುಗಳನ್ನಿಟ್ಟರೂ ಪ್ರಯೋಜನವಿಲ್ಲ, ದುಭಾಷಿಯನ್ನು ಸರಿಪಡಿಸಬೇಕು. "ಬೆರಳು ಬರುವುದಿಲ್ಲ" ಎಂದ ಕೂಡಲೆ ಅಜ್ಜಿಯು ಲಜ್ಜೆಯಿಂದ ಚೀಲ ಮಡಚಿಕೊಂಡು ಹಿಂದಿರುಗಬೇಕಿಲ್ಲ. ಸಂಖ್ಯೆ ಯಾವುದೆಂದು ಜತೆಗಿರುವ ಮೊಮ್ಮಗನೇ ಕೇಳಲಿ.

ಎರಡರಲ್ಲಿ ಯಾವುದಾದರೂ ಅಕ್ಕಿಯನ್ನು ನಿರಾಕರಿಸುವಂತಿಲ್ಲ. ಬೆರಳಚ್ಚು ಅಥವಾ ಸಂಪರ್ಕ ಕೈಕೊಟ್ಟರೆ ಪಡಿತರ ಚೀಟಿಯನ್ನೂ ಆಧಾರ ಕಾರ್ಡನ್ನೂ ನೋಡಿ ಧಾನ್ಯ ಕೊಡಬೇಕು, ಅದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು ಎಂದು ಕೇಂದ್ರದ ಆಹಾರ ಇಲಾಖೆಯು 2017ರ ಅಕ್ಟೋಬರ್ 24ರಂದು ರಾಜ್ಯಗಳಿಗೆ ಸೂಚಿಸಿರುವುದು. ಆ ಪುಸ್ತಕವು ಅಂಗಡಿಯಲ್ಲಿ ಇದೆಯೇ ಎಂದು ಮಳೆಗಾಲಕ್ಕೆ ಮೊದಲೇ ವಿಚಾರಿಸಿಡುವುದು ಲೇಸು.