ಪವಿತ್ರ ದ್ವಾರ ಮುಚ್ಚಿತು, ಯಾತ್ರೆ ಮುಗಿಯಿತೇ?

2026ರ ಜನವರಿ 6ರಂದು ಪೋಪ್ ಹದಿನಾಲ್ಕನೇ ಲಿಯೋ ಅವರು ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರವನ್ನು ಮುಚ್ಚುವುದರೊಂದಿಗೆ ಜೂಬಿಲಿ ವರ್ಷ ಮುಕ್ತಾಯವಾಯಿತು. 2024ರ ಡಿಸೆಂಬರ್ 24ರಂದು ಆ ದ್ವಾರವನ್ನು ತೆರೆದವರು ಪೋಪ್ ಫ್ರಾನ್ಸಿಸ್. 2025ರ ಏಪ್ರಿಲ್ 21ರಂದು ಅವರು ದೈವಾಧೀನರಾದರು. ಒಬ್ಬ ಪೋಪ್ ತೆರೆದ ಜೂಬಿಲಿಯನ್ನು ಮತ್ತೊಬ್ಬ ಪೋಪ್ ಮುಗಿಸಿದ್ದು 1700ರ ಜೂಬಿಲಿಯ ನಂತರ ಇದೇ ಮೊದಲು. ವಿಶ್ವಾಸದ ಯಾತ್ರೆ ಯಾವ ಒಬ್ಬ ವ್ಯಕ್ತಿಯದೂ ಅಲ್ಲ. ಒಬ್ಬರು ಆರಂಭಿಸಿದ್ದನ್ನು ಇನ್ನೊಬ್ಬರು ಮುಂದುವರಿಸಬೇಕು ಎಂಬ ಪಾಠ ಇಲ್ಲಿಯೇ ಇದೆ.

‘ಭರವಸೆಯ ಯಾತ್ರಿಕರು’ ಎಂಬುದು ಆ ವರ್ಷದ ಧ್ಯೇಯವಾಕ್ಯ. ಬ್ಯಾನರುಗಳನ್ನು ಇಳಿಸಿ, ವರದಿಗಳನ್ನು ಕಡತಕ್ಕೆ ಸೇರಿಸಿದ ಮೇಲೆ ನಮ್ಮ ಧರ್ಮಕೇಂದ್ರಗಳಲ್ಲಿ ಉಳಿದದ್ದೇನು ಎಂದು ಕೇಳಿಕೊಳ್ಳುವ ಕಾಲ ಈಗ ಬಂದಿದೆ.

ಕ್ರೈಸ್ತ ಜೀವನವನ್ನು ಯಾತ್ರೆ ಎನ್ನುವುದು ಹೊಸ ಮಾತಲ್ಲ. ಆದಿ ಕ್ರೈಸ್ತರನ್ನು ‘ಮಾರ್ಗ’ದವರು ಎಂದು ಗುರುತಿಸುತ್ತಿದ್ದರೆಂದು ಪ್ರೇಷಿತರ ಕಾರ್ಯಕಲಾಪಗಳು ತಿಳಿಸುತ್ತವೆ. ಎರಡನೇ ವ್ಯಾಟಿಕನ್ ಮಹಾಸಭೆ 1964ರ ನವೆಂಬರ್ 21ರಂದು ಹೊರಡಿಸಿದ ಧರ್ಮಸಭೆಯ ಕುರಿತಾದ ಸಂವಿಧಾನದಲ್ಲಿ ಯಾತ್ರಿಕ ಧರ್ಮಸಭೆಗೆಂದೇ ಒಂದು ಅಧ್ಯಾಯವಿದೆ. 2021ರಿಂದ 2024ರವರೆಗೆ ನಡೆದ ಸಿನೊದ್‌ನ ಹೆಸರಿಗೇ ಗ್ರೀಕ್ ಮೂಲದಲ್ಲಿ ‘ಜೊತೆಯ ದಾರಿ’ ಎಂಬ ಅರ್ಥ. ಅದರ ನಿರ್ಣಯಗಳನ್ನು ಸ್ಥಳೀಯ ಧರ್ಮಸಭೆಗಳು ಎಷ್ಟರಮಟ್ಟಿಗೆ ಆಚರಣೆಗೆ ತಂದಿವೆ ಎಂಬುದನ್ನು 2028ರ ಅಕ್ಟೋಬರಿನಲ್ಲಿ ವ್ಯಾಟಿಕನ್‌ನಲ್ಲಿ ನಡೆಸಲು ನಿಗದಿಯಾದ ಸಭೆ ಪರಿಶೀಲಿಸಲಿದೆ. ಆಗ ಉತ್ತರ ಕೊಡಬೇಕಾದವರಲ್ಲಿ ನಾವೂ ಇದ್ದೇವೆ.

ನಮಗೆ ಈ ವಿಷಯ ಪುಸ್ತಕದ ಮಾತು ಮಾತ್ರ ಆಗಬೇಕಾಗಿಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಸಾವಿರಾರು ಕ್ರೈಸ್ತರು ಬಂಧಿತರಾಗಿ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದರು. ಅನೇಕರು ದಾರಿಯಲ್ಲೂ ಸೆರೆಯಲ್ಲೂ ಪ್ರಾಣ ಬಿಟ್ಟರು. 1799ರ ನಂತರ ಬದುಕುಳಿದವರು ಮರಳಿ ಬಂದು ಕೆಡವಲ್ಪಟ್ಟ ದೇವಾಲಯಗಳನ್ನು ಮತ್ತೆ ಕಟ್ಟಿದರು. ಈ ನೆನಪನ್ನು ಯಾರ ಮೇಲಿನ ಹಗೆಗೂ ಬಳಸಬಾರದು. ಮನೆಮಠ ಬಿಟ್ಟು ನಡೆಯುವವರ ನೋವು ಗೊತ್ತಿದ್ದ ಜನರ ಮಕ್ಕಳು ನಾವು ಎಂಬ ಎಚ್ಚರ ಮಾತ್ರ ಅದರಿಂದ ನಮಗೆ ಬರಬೇಕು.

ಈ ಮಾತನ್ನು ಬಿಜೈ ಪರಿಸರದಲ್ಲಿ ಇಟ್ಟು ನೋಡೋಣ. ಇಲ್ಲಿನ ದೇವಾಲಯದ ಪಾಲಕರು ಸಂತ ಫ್ರಾನ್ಸಿಸ್ ಕ್ಸೇವಿಯರ್. 1541ರಲ್ಲಿ ಲಿಸ್ಬನ್ ಬಿಟ್ಟು, 1542ರ ಮೇ 6ರಂದು ಗೋವೆಗೆ ತಲುಪಿ, 1552ರ ಡಿಸೆಂಬರ್ 3ರಂದು ಚೀನಾದ ತೀರಕ್ಕೆ ಸಮೀಪದ ಶಾಂಗ್‌ಚುವಾನ್ ದ್ವೀಪದಲ್ಲಿ ತೀರಿಕೊಂಡವರು. ಸೇರಬೇಕೆಂದಿದ್ದ ನಾಡಿಗೆ ಅವರು ಸೇರಲೇ ಇಲ್ಲ. ಆದರೂ ಅವರ ಯಾತ್ರೆ ಸೋತಿತೆಂದು ಯಾರೂ ಹೇಳುವುದಿಲ್ಲ. ಇದೇ ಬಿಜೈಯಲ್ಲಿ ಕೆಎಸ್ಸಾರ್ಟಿಸಿ ಬಸ್ ನಿಲ್ದಾಣವೂ ಇದೆ. ಕೆಲಸಕ್ಕೆಂದು ಬೆಂಗಳೂರಿಗೆ ಹೊರಟ ನಮ್ಮ ಯುವಕ ಯುವತಿಯರು ಇಲ್ಲಿ ಬಸ್ ಹತ್ತುತ್ತಾರೆ. ಓದಲು, ದುಡಿಯಲು, ಆಸ್ಪತ್ರೆಗೆ ಘಟ್ಟದ ಮೇಲಿಂದ ಬರುವವರು ಇಲ್ಲೇ ಇಳಿಯುತ್ತಾರೆ.

ಹೋಗುವವರ ಹಿಂದೆ ಫ್ಲ್ಯಾಟುಗಳಲ್ಲಿ ಉಳಿಯುವವರು ವಯಸ್ಸಾದ ತಂದೆತಾಯಂದಿರು. ಮಕ್ಕಳು ಗಲ್ಫ್, ಕೆನಡಾ ಎಂದು ಚದುರಿದ್ದಾರೆ. ಫೋನಿನಲ್ಲಿ ಮುಖ ಕಾಣುತ್ತದೆ, ರಾತ್ರಿ ಒಂದು ಲೋಟ ನೀರು ಕೊಡುವ ಕೈ ಇಲ್ಲ. ಬರುವವರಲ್ಲಿ ಕನ್ನಡ ಮಾತ್ರ ಬಲ್ಲ ಕಥೋಲಿಕರೂ ಇದ್ದಾರೆ, ಹಿಂದಿ ಮಾತ್ರ ಬಲ್ಲ ಕಾರ್ಮಿಕರೂ ಇದ್ದಾರೆ. ನಮ್ಮ ದೇವಾಲಯಗಳಲ್ಲಿ ಬಲಿಪೂಜೆ ಹೆಚ್ಚಾಗಿ ಕೊಂಕಣಿಯಲ್ಲಿ. ಅವರು ಹಿಂದಿನ ಬೆಂಚಿನಲ್ಲಿ ಕೂತು, ಯಾರ ಪರಿಚಯವೂ ಆಗದೆ ಎದ್ದು ಹೋಗುತ್ತಾರೆ. ಧರ್ಮಕೇಂದ್ರದ ದಾಖಲೆಯಲ್ಲಿ ಅವರ ಹೆಸರಿಲ್ಲ. ಆದ್ದರಿಂದ ಅವರು ಬಾರದಿದ್ದರೆ ಕೇಳುವವರೂ ಇಲ್ಲ.

ಇಲ್ಲಿ ಎಮ್ಮಾವುಸ್ ದಾರಿಯ ಘಟನೆ ನಮಗೆ ದಾರಿದೀಪ. ಆ ಇಬ್ಬರು ಶಿಷ್ಯರು ಹೋಗುತ್ತಿದ್ದದ್ದು ಜೆರುಸಲೇಮಿನ ಕಡೆಗಲ್ಲ, ಜೆರುಸಲೇಮನ್ನು ಬಿಟ್ಟು. ಯೇಸು ಅವರನ್ನು ತಡೆದು ನಿಲ್ಲಿಸಲಿಲ್ಲ. ಅವರು ಹೊರಟ ದಿಕ್ಕಿನಲ್ಲೇ ಜೊತೆಗೂಡಿ ನಡೆದರು. ಮೊದಲು ಕೇಳಿದರು, ಆಮೇಲೆ ಹೇಳಿದರು. ತಪ್ಪು ದಾರಿ ಹಿಡಿದವರ ಜೊತೆ ನಡೆದರೆ ತಪ್ಪನ್ನು ಒಪ್ಪಿಕೊಂಡಂತೆ ಆಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಆಗುವುದಿಲ್ಲ. ಅವರು ನಂಬಲು ಮಂದರೆಂದು ಯೇಸು ನೇರವಾಗಿಯೇ ಹೇಳಿದರು. ಆದರೆ ಆ ಮಾತು ಕೇಳಿಸಿದ್ದು ಜೊತೆಗೆ ನಡೆದದ್ದರಿಂದ. ರೊಟ್ಟಿ ಮುರಿದ ಮೇಲೆ ಅವರು ತಾವಾಗಿಯೇ ಅದೇ ರಾತ್ರಿ ಹಿಂದಿರುಗಿದರು.

ನಮ್ಮಲ್ಲಿ ಯಾತ್ರೆ ಎಂದರೆ ಬೇಗನೆ ನೆನಪಾಗುವುದು ವೇಳಾಂಕಣಿಗೆ ಬಸ್ ಮಾಡಿಕೊಂಡು ಹೋಗುವುದು, ಜನವರಿಯಲ್ಲಿ ಮಿಲಾಗ್ರಿಸ್‌ನಿಂದ ರೊಸಾರಿಯೊ ಪ್ರಧಾನ ದೇವಾಲಯದವರೆಗೆ ಪರಮಪ್ರಸಾದದ ಮೆರವಣಿಗೆಯಲ್ಲಿ ನಡೆಯುವುದು. ಇವು ಒಳ್ಳೆಯವೇ. ಆದರೆ ಮೆರವಣಿಗೆಯಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ನಡೆಯುತ್ತಾರೆ. ಸೋಮವಾರದ ಬದುಕಿನಲ್ಲಿ ಹಾಗಿಲ್ಲ. ದೃಢೀಕರಣ ಸಂಸ್ಕಾರ ಪಡೆದ ಮೇಲೆ ಕಾಣೆಯಾದ ಹುಡುಗ, ಮುರಿದ ಸಂಸಾರದಿಂದಾಗಿ ನಾಚಿ ದೂರ ಉಳಿದ ಮಹಿಳೆ, ಸಾಲದ ಭಾರಕ್ಕೆ ಕುಡಿತ ಹಿಡಿದ ಗೃಹಸ್ಥ, ಇವರೆಲ್ಲ ಎಮ್ಮಾವುಸ್ ದಾರಿಯಲ್ಲಿದ್ದಾರೆ. ನಮ್ಮ ವಿಶ್ವಾಸದ ಯಾತ್ರೆ ಎಲ್ಲಿಗೆ ತಲುಪಿತು ಎಂದು ಅಳೆಯಬೇಕಾದರೆ, ನಾವೆಷ್ಟು ಮುಂದೆ ಹೋದೆವು ಎಂದಲ್ಲ, ಇಂಥವರಲ್ಲಿ ಯಾರ ಜೊತೆ ನಡೆದೆವು ಎಂದು ನೋಡಬೇಕು.

ಇದಕ್ಕೆ ಹೊಸ ಸಮಿತಿ ಬೇಕಾಗಿಲ್ಲ. ವಾರ್ಡುಗಳಿವೆ, ಗುರಿಕಾರರಿದ್ದಾರೆ, ಕಿರು ಕ್ರೈಸ್ತ ಸಮುದಾಯಗಳಿವೆ, ಸಂತ ವಿನ್ಸೆಂಟ್ ದೆ ಪೌಲ್ ಸಭೆಯಿದೆ. ವಂತಿಗೆ ಕೇಳಲು ಹೋಗುವ ಕಾಲುಗಳೇ ಏನನ್ನೂ ಕೇಳದೆ ಒಮ್ಮೆ ಒಂಟಿ ಹಿರಿಯರ ಮನೆಗೆ ಹೋಗಲಿ. ಬಾಡಿಗೆ ಕೋಣೆಗಳಲ್ಲಿ ಇರುವ ಹೊರಊರಿನ ಕಥೋಲಿಕರ ಹೆಸರನ್ನು ಗುರಿಕಾರರು ಬರೆದಿಟ್ಟುಕೊಳ್ಳಲಿ. ಸಾಧ್ಯವಾದಲ್ಲಿ ತಿಂಗಳಿಗೊಂದು ಕನ್ನಡ ಬಲಿಪೂಜೆ ಇರಲಿ. ಅದೂ ಆಗದಿದ್ದರೆ ಪೂಜೆಯ ನಂತರ ಬಾಗಿಲಲ್ಲಿ ನಿಂತು ‘ನಿಮ್ಮದು ಯಾವ ಊರು?’ ಎಂದು ಕೇಳುವ ಒಬ್ಬರು ಇರಲಿ. ಗುರುಗಳಾದ ನಾವೂ ಕಚೇರಿಯ ಕುರ್ಚಿ ಬಿಟ್ಟು ಮನೆಭೇಟಿಗೆ ಸಮಯ ಕೊಡೋಣ.

ರೋಮಿನ ಪವಿತ್ರ ದ್ವಾರ ಮುಂದಿನ ಜೂಬಿಲಿಯವರೆಗೆ ಮುಚ್ಚಿರುತ್ತದೆ. ಬಿಜೈ ದೇವಾಲಯದ ಬಾಗಿಲು ನಾಳೆ ಬೆಳಿಗ್ಗೆಯ ಪೂಜೆಗೆ ತೆರೆಯುತ್ತದೆ. ಅದರೊಳಗೆ ಬರುವಾಗ ನಮ್ಮ ಜೊತೆ ಇನ್ನೊಬ್ಬರಿರಲಿ.